ಇಸಾವೊ ತೊಮಿತಾ: ಸಂಯೋಜಕರೋ, ದೆಬ್ಯುಸಿಯನ್ನು ಯಂತ್ರಕ್ಕೆ ಹಾಕಿದವರೋ?

ಪಿಟೀಲುಪ್ರಿಯ

ನಿನ್ನೆ ರಾತ್ರಿ 1974ರ ಒಂದು ಧ್ವನಿಮುದ್ರಿಕೆ ಕೇಳಿದೆ. ದೆಬ್ಯುಸಿಯ ಹತ್ತು ಪಿಯಾನೊ ಕೃತಿಗಳನ್ನು ಜಪಾನಿನ ಇಸಾವೊ ತೊಮಿತಾ ಎಂಬವರು ಸಿಂಥಸೈಜರ್‌ನಲ್ಲಿ, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಯಂತ್ರದಲ್ಲಿ, ಮಾಡಿರುವುದು. ಚೆನ್ನಾಗಿಲ್ಲ ಎನ್ನಲಾರೆ. ಬೆಳದಿಂಗಳ ಕೃತಿಯಲ್ಲಿ ಯಾರೋ ಶಿಳ್ಳೆ ಹಾಕುವಂಥ ದನಿಯೊಂದು ಬರುತ್ತದೆ, ಅದಿನ್ನೂ ಕಿವಿಯಲ್ಲೇ ಇದೆ. ಆದರೆ ನನ್ನದೊಂದು ತಕರಾರು. ಎಲ್ಲಿ ನೋಡಿದರೂ ಇವರನ್ನು ಎಲೆಕ್ಟ್ರಾನಿಕ್ ಸಂಗೀತದ ಆದ್ಯ ಸಂಯೋಜಕ ಎಂದು ಕೊಂಡಾಡುತ್ತಾರೆ. ಸ್ವರ ಬರೆದವನು ಫ್ರಾನ್ಸಿನ ದೆಬ್ಯುಸಿ. ಯಂತ್ರ ಕಟ್ಟಿದವನು ಅಮೆರಿಕದ ರಾಬರ್ಟ್ ಮೋಗ್. ಅಡುಗೆ ಒಬ್ಬರದು, ಪಾತ್ರೆ ಇನ್ನೊಬ್ಬರದು, ಬಡಿಸಿದವರಿಗೆ ಬಾಣಸಿಗನ ಬಿರುದೇ? ಜಗಳಕ್ಕೆ ಕೇಳುತ್ತಿಲ್ಲ. ಬಲ್ಲವರು ಹೇಳಿ.

ಟೇಪುರಾಯ

ಪಿಟೀಲುಪ್ರಿಯರೇ, ನಲವತ್ತು ವರ್ಷ ಟೇಪ್ ರೆಕಾರ್ಡರ್ ಬಿಚ್ಚಿ ಜೋಡಿಸಿದವನು ನಾನು. ಸಂಗೀತದ ವಿಷಯ ಆಮೇಲೆ ಬೇರೆಯವರು ಹೇಳಲಿ, ಮೊದಲು ಆ ಪಾತ್ರೆಯ ಕಥೆ ಕೇಳಿ.

ಹೆಸರನ್ನು ಸರಿಯಾಗಿಯೇ ಬರೆದಿದ್ದೀರಿ, ಸಂತೋಷ. ನಮ್ಮಲ್ಲಿ ಬಹಳ ಜನ ಅದನ್ನು ‘ಮೂಗ್’ ಎಂದು ಬರೆದು ಒಳ್ಳೆಯ ವಾದ್ಯಕ್ಕೆ ನೆಗಡಿ ಬರಿಸುತ್ತಾರೆ.

ಇಂದು ಸಿಂಥಸೈಜರ್ ಎಂದರೆ ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ವಯಲಿನ್ ಬರುವ ಪೆಟ್ಟಿಗೆ ಎಂದುಕೊಂಡಿದ್ದೇವೆ. ತೊಮಿತಾ ತರಿಸಿಕೊಂಡ ಮೋಗ್ ಅಂಥದ್ದಲ್ಲ. ಅದೊಂದು ಬೀರು. ಒಂದು ಖಾನೆಯಲ್ಲಿ ಅಲೆ ಹುಟ್ಟಿಸುವ ಆಸಿಲೇಟರ್, ಇನ್ನೊಂದರಲ್ಲಿ ಆ ಅಲೆಯ ಗಡಸುತನ ಸೋಸುವ ಫಿಲ್ಟರ್, ಮತ್ತೊಂದರಲ್ಲಿ ದನಿ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಇಳಿಯಬೇಕು ಎಂದು ತೀರ್ಮಾನಿಸುವ ಸರ್ಕ್ಯೂಟ್. ಇವನ್ನೆಲ್ಲ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ತಂತಿಗಳಿಂದ ನಾವೇ ಜೋಡಿಸಬೇಕು. ಸಿದ್ಧ ದನಿ ಎಂಬುದು ಒಂದೂ ಇಲ್ಲ. ತಂತಿ ಕಿತ್ತರೆ ನಿನ್ನೆ ಮಾಡಿದ ದನಿಯೂ ಹೋಯಿತು, ಕಾಗದದ ಮೇಲೆ ಗುರುತು ಹಾಕಿಕೊಂಡಿದ್ದರೆ ಉಂಟು. ಕೋಣೆ ಬೆಚ್ಚಗಾದರೆ ಶ್ರುತಿ ಜಾರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಅದು ಒಮ್ಮೆಗೆ ಒಂದೇ ಸ್ವರ ನುಡಿಯುತ್ತದೆ. ಪಿಯಾನೊದಲ್ಲಿ ದೆಬ್ಯುಸಿ ಎರಡು ಕೈಯಿಂದ ಎಂಟು ಸ್ವರ ಒತ್ತಿದ್ದರೆ ಇಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ನುಡಿಸಿ, ಹಲವು ಟ್ರ್ಯಾಕ್‌ಗಳ ಟೇಪಿನಲ್ಲಿ ಒಂದರ ಪಕ್ಕ ಒಂದು ಕೂರಿಸಬೇಕು. ಟ್ರ್ಯಾಕ್ ಸಾಲದಾದಾಗ ಹಲವನ್ನು ಒಂದಕ್ಕಿಳಿಸಿ ಜಾಗ ಮಾಡಿಕೊಳ್ಳಬೇಕು. ಹಾಗೆ ಇಳಿಸಿದಷ್ಟೂ ಟೇಪಿನ ಬುಸುಗುಟ್ಟುವಿಕೆ ಏರುತ್ತದೆ. ನೀವು ನಿನ್ನೆ ರಾತ್ರಿ ಕೇಳಿ ಮುಗಿಸಿದ್ದನ್ನು ಅವರು ಒಂದು ವರ್ಷಕ್ಕೂ ಮೀರಿ ಮನೆಯ ಸ್ಟುಡಿಯೊದಲ್ಲಿ ಕೂತು ನೇಯ್ದರು.

ಆ ಮೋಗ್ ಯಂತ್ರ ಮನೆ ಸೇರಿದ್ದೂ ಒಂದು ಪ್ರಸಂಗವೇ. 1971ರಲ್ಲಿ ಸುಮಾರು ಒಂದು ಕೋಟಿ ಯೆನ್ ಸುರಿದು ತರಿಸಿದ್ದು. ಸುಂಕದ ಅಧಿಕಾರಿಗಳು ತಡೆದು ನಿಲ್ಲಿಸಿದರು. ತಂತಿ, ಗುಂಡಿ, ಮೀಟರು ತುಂಬಿದ ಈ ಕಪ್ಪು ಪೆಟ್ಟಿಗೆ ವಾದ್ಯ ಎಂದರೆ ಯಾರು ನಂಬುತ್ತಾರೆ? ವೇದಿಕೆಯ ಮೇಲೆ ಸಂಗೀತಗಾರನೊಬ್ಬ ಇದನ್ನು ನುಡಿಸುತ್ತಿರುವ ಫೋಟೊವನ್ನು ಅಮೆರಿಕದಿಂದ ತರಿಸಿ ತೋರಿಸಬೇಕಾಯಿತು. ಬಿಡಿಸಿಕೊಂಡು ಮನೆಗೆ ತಂದ ಮೇಲೆ ತಿಂಗಳುಗಟ್ಟಲೆ ಅದರಿಂದ ಬಂದದ್ದು ಬರೀ ಗದ್ದಲ. ಹೇಳಿಕೊಡಲು ಜಪಾನಿನಲ್ಲಿ ಒಬ್ಬ ಗುರುವೂ ಇರಲಿಲ್ಲ.

ಪಿಟೀಲುಪ್ರಿಯ

ರಾಯರೇ, ಶ್ರಮ ಒಪ್ಪಿದೆ. ಆದರೆ ಶ್ರಮವೇ ಸಂಯೋಜನೆ ಆಗುವುದಿಲ್ಲವಲ್ಲ. ಅಕ್ಕಿಕಾಳಿನ ಮೇಲೆ ಇಡೀ ಕಾವ್ಯ ಕೊರೆಯುವವರೂ ಇದ್ದಾರೆ, ಅವರನ್ನು ಯಾರೂ ಕವಿ ಎನ್ನುವುದಿಲ್ಲ.

ಯೊಕೊಹಾಮಾವಾಸಿ

ನಮಸ್ಕಾರ. ಹದಿನಾಲ್ಕು ವರ್ಷದಿಂದ ಜಪಾನಿನಲ್ಲಿದ್ದೇನೆ. ಇಲ್ಲಿ ನಿಂತು ನೋಡಿದರೆ ಪಿಟೀಲುಪ್ರಿಯರ ಪ್ರಶ್ನೆ ತಲೆಕೆಳಗಾಗಿ ಕಾಣುತ್ತದೆ. ಹೊರಗಿನವರಿಗೆ ತೊಮಿತಾ ಎಂದರೆ ದೆಬ್ಯುಸಿ ಮತ್ತು ಮೋಗ್. ಇಲ್ಲಿನವರಿಗೆ ಅವರು ಮೊದಲು ಟಿವಿಯ ಮನುಷ್ಯ. ಜನರಿಗೆ ಅವರ ಹೆಸರು ಗೊತ್ತಿರದಿದ್ದರೂ ರಾಗ ಗೊತ್ತು.

ನಾನು ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜಿಯ ಟಿವಿಯಿಂದ ಮರಿಂಬಾ ಎಂಬ ಮರದ ಪಟ್ಟಿಗಳ ವಾದ್ಯದ ಟಕಟಕ ಎನ್ನುವ ರಾಗವೊಂದು ಗೋಡೆ ದಾಟಿ ಬರುತ್ತಿತ್ತು. ಎನ್‌ಎಚ್‌ಕೆ ವಾಹಿನಿಯ ‘ಇಂದಿನ ಅಡುಗೆ’ ಕಾರ್ಯಕ್ರಮದ ಶೀರ್ಷಿಕೆ ಸಂಗೀತ ಅದು. ಕಾರ್ಯಕ್ರಮ ಶುರುವಾದದ್ದು 1957ರಲ್ಲಿ. ಹಲಗೆಯ ಮೇಲೆ ಚಾಕು ಆಡಿದ ಹಾಗೆ ಕೇಳಿಸುತ್ತದೆ. ಬರೆದವರು ಇದೇ ತೊಮಿತಾ ಎಂದು ತಿಳಿದದ್ದು ವರ್ಷಗಳ ಮೇಲೆ. ಎಲೆಕ್ಟ್ರಾನಿಕ್ ಏನೂ ಇಲ್ಲ ಅದರಲ್ಲಿ. ನಾಲ್ಕು ಮರದ ಪಟ್ಟಿ, ಒಂದು ಕೋಲು, ಅಷ್ಟೇ.

ಹುಟ್ಟಿದ್ದು 1932ರ ಏಪ್ರಿಲ್ 22, ಟೋಕಿಯೊದಲ್ಲಿ. ತಂದೆ ವೈದ್ಯರು, ಕೆಲಸ ಚೀನಾದಲ್ಲಿ, ಹಾಗಾಗಿ ಎಳೆಯ ವಯಸ್ಸು ಅವರೊಂದಿಗೆ ಅಲ್ಲೇ ಕಳೆಯಿತು. ಕೆಯೊ ವಿಶ್ವವಿದ್ಯಾಲಯದಲ್ಲಿ ಓದಿದ್ದು ಸಂಗೀತವಲ್ಲ, ಕಲೆಯ ಇತಿಹಾಸ. ಸಂಯೋಜನೆ ಮತ್ತು ವಾದ್ಯವೃಂದದ ಪಾಠ ಖಾಸಗಿಯಾಗಿ. ವಿದ್ಯಾರ್ಥಿಯಾಗಿದ್ದಾಗಲೇ ಸಮೂಹಗಾನ ರಚನೆಯ ಸ್ಪರ್ಧೆಯೊಂದನ್ನು ಗೆದ್ದರು. 1955ರಲ್ಲಿ ಪದವಿ ಮುಗಿಸಿ ನೇರ ರೇಡಿಯೊ, ಟಿವಿ, ನಾಟಕ, ಸಿನಿಮಾಗಳ ಕೆಲಸಕ್ಕೆ ಬಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಜಪಾನಿನ ಜಿಮ್ನಾಸ್ಟಿಕ್ಸ್ ತಂಡಕ್ಕೂ ಸಂಗೀತ ಬರೆದುಕೊಟ್ಟರು.

ಎನ್‌ಎಚ್‌ಕೆ ವರ್ಷವಿಡೀ ಭಾನುವಾರ ರಾತ್ರಿ ತೋರಿಸುವ ಐತಿಹಾಸಿಕ ಧಾರಾವಾಹಿಗಳಿವೆಯಲ್ಲ, 1963ರ ಮೊಟ್ಟಮೊದಲನೆಯದರ ಸಂಗೀತ ಇವರದು. ಆಮೇಲೆ 1969, 1972, 1974, 1983. ಒಟ್ಟು ಐದು. ಚಿತ್ರಕಥೆಗಾರ ಒಸಾಮು ತೆಜುಕಾ ಅವರ ಬಿಳಿ ಸಿಂಹದ ಮರಿಯ ಅನಿಮೇಶನ್ ಸರಣಿಗೆ 1965ರಲ್ಲಿ ಪೂರ್ಣ ವಾದ್ಯವೃಂದದ ಸಂಗೀತ ಕೊಟ್ಟರು. ಮಕ್ಕಳ ಕಾರ್ಯಕ್ರಮಕ್ಕೆ ಇಷ್ಟು ಸಾಕು ಎಂದು ಕೈ ಬಿಗಿಹಿಡಿದವರಲ್ಲ.

ಮೋಗ್ ಕೊಂಡಾಗ ಅವರಿಗೆ 39 ವರ್ಷ. ಅಷ್ಟು ಹೊತ್ತಿಗೆ ಹದಿನೈದು ವರ್ಷದ ಸ್ವಂತ ಸಂಯೋಜನೆ ಬೆನ್ನಿಗಿತ್ತು. ಬಡಿಸುವವರಲ್ಲ ಸ್ವಾಮಿ, ದೊಡ್ಡ ಅಡುಗೆಮನೆ ನಡೆಸುತ್ತಿದ್ದವರು ಹೊಸ ಒಲೆ ತರಿಸಿಕೊಂಡರು.

ಪಿಟೀಲುಪ್ರಿಯ

ಇದು ನನಗೆ ಗೊತ್ತಿರಲಿಲ್ಲ. ಆದರೆ ಕೈತುಂಬ ಕೆಲಸವಿದ್ದವರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು?

ಯೊಕೊಹಾಮಾವಾಸಿ

1970ರ ಒಸಾಕಾ ವಿಶ್ವಮೇಳದಿಂದ. ಅಲ್ಲಿನ ಪ್ರದರ್ಶನ ಮಂಟಪವೊಂದಕ್ಕೆ ಸಂಗೀತ ಮಾಡಲು ಹೋಗಿದ್ದಾಗ ಅವರಿಗೆ ಅಮೆರಿಕದ ಸಂಗೀತಗಾರ್ತಿ ವೆಂಡಿ ಕಾರ್ಲೊಸ್ ಅವರ 1968ರ ಧ್ವನಿಮುದ್ರಿಕೆ ಸಿಕ್ಕಿತು. ಜರ್ಮನಿಯ ಹಳೆಯ ಸಂಯೋಜಕ ಬಾಖ್‌ನ ಕೃತಿಗಳನ್ನು ಮೋಗ್‌ನಲ್ಲಿ ನುಡಿಸಿದ್ದು. ವಾದ್ಯವೃಂದದ ದನಿಗಳು ಹೊಸದಾಗಿ ಬದಲಾಗುತ್ತಿಲ್ಲ, ಹತ್ತೊಂಬತ್ತನೇ ಶತಮಾನದ ವ್ಯಾಗ್ನರ್ ಕಾಲದಲ್ಲೇ ನಿಂತಿವೆ ಎಂಬ ಕೊರಗು ಅವರಿಗೆ ಮೊದಲಿನಿಂದಲೂ ಇತ್ತು. ಹೊಸ ದನಿಯನ್ನು ಬುಡದಿಂದಲೇ ಕಟ್ಟಬಹುದು ಎಂದಾಗ ತಡೆದುಕೊಳ್ಳಲಾಗಲಿಲ್ಲ.

ಗುಮ್ಮಟದ ನೆರೆಯವ

ವಿಜಯಪುರದವನು. ಮೇಲೆ ಚೀನಾದ ಬಾಲ್ಯ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ, ಅಸಲು ಕಥೆ ಅಲ್ಲೇ ಇದೆ. ಬೀಜಿಂಗ್‌ನ ಸ್ವರ್ಗ ದೇವಾಲಯದ ಆವರಣದಲ್ಲಿ ದುಂಡಗಿನ ಗೋಡೆಯೊಂದಿದೆ, ಪ್ರತಿಧ್ವನಿ ಗೋಡೆ ಎನ್ನುತ್ತಾರೆ. ಒಂದು ತುದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ದೂರದ ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ. ತಂದೆ ಹುಡುಗ ತೊಮಿತಾನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಎದುರಿಗೆ ಯಾರೂ ಇಲ್ಲ, ದನಿ ಮಾತ್ರ ಕಿವಿಯ ಪಕ್ಕದಲ್ಲೇ. ಆ ಬೆರಗನ್ನು ಮುಪ್ಪಿನಲ್ಲೂ ಹೇಳಿಕೊಳ್ಳುತ್ತಿದ್ದರು.

ಗೋಳಗುಮ್ಮಟದ ಪಿಸುದನಿಯ ಮೊಗಸಾಲೆಯನ್ನು ನೂರು ಸಲ ಸುತ್ತಿದವನಿಗೆ ಇದನ್ನು ವಿವರಿಸಬೇಕಾಗಿಲ್ಲ. ದನಿ ನಡುವಿನ ಖಾಲಿ ಜಾಗ ಹಾಯ್ದು ಬರುವುದಿಲ್ಲ, ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಜಾರುತ್ತ ಬರುತ್ತದೆ. ಅದಕ್ಕೇ ಸೊರಗುವುದಿಲ್ಲ. ನಾವು ಅಲ್ಲಿ ಹೆಸರು ಕೂಗಿ, ಚಪ್ಪಾಳೆ ತಟ್ಟಿ, ಕಾವಲುಗಾರನಿಂದ ಬೈಸಿಕೊಂಡು ಮನೆಗೆ ಬಂದೆವು. ಒಬ್ಬ ಹುಡುಗ ಅದನ್ನೇ ಬದುಕೆಲ್ಲ ಬೆನ್ನಟ್ಟಿದ.

ಸಂಗೀತ ಏಕೆ ಯಾವಾಗಲೂ ಎದುರಿನ ವೇದಿಕೆಯಿಂದಲೇ ಬರಬೇಕು ಎಂಬುದು ಅವರ ಪ್ರಶ್ನೆ. ಕಾಡಿನಲ್ಲಿ ಹಕ್ಕಿ ಬೆನ್ನ ಹಿಂದೆಯೂ ಕೂಗುತ್ತದೆ. ಎಪ್ಪತ್ತರ ದಶಕದಲ್ಲೇ ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಟ್ಟು ಕೇಳುವ ಹಾಗೆ ಮುದ್ರಿಸಿದ್ದು ಇದಕ್ಕೇ. ಅದನ್ನು ಎರಡು ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಟ್ಟರೆ ಗುಮ್ಮಟವನ್ನು ಅಂಚೆಚೀಟಿಯಲ್ಲಿ ನೋಡಿದ ಹಾಗೆ.

ಪಿಟೀಲುಪ್ರಿಯ

ನಾನು ಕೇಳಿದ್ದು ಮೊಬೈಲ್‌ನಲ್ಲಿ. ಬೈಯಬೇಡಿ.

ಅರೆಸ್ವರ

ಒಂದು ತಿದ್ದುಪಡಿ. ‘ಆದ್ಯ’ ಎಂಬ ಮಾತನ್ನು ಎಚ್ಚರದಿಂದ ಬಳಸೋಣ. ಜಪಾನಿನ ಎಲೆಕ್ಟ್ರಾನಿಕ್ ಸಂಗೀತ ತೊಮಿತಾ ಅವರಿಂದ ಶುರುವಾಗಲಿಲ್ಲ. ಸಂಯೋಜಕ ತೊಶಿರೊ ಮಯುಜುಮಿ 1953ರಲ್ಲೇ ಟೇಪಿಗಾಗಿ ಕೃತಿ ರಚಿಸಿದ್ದರು. 1955ರಲ್ಲಿ ಟೋಕಿಯೊದ ಎನ್‌ಎಚ್‌ಕೆ ತನ್ನ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ತೆರೆಯಿತು. ಅದೇ ವರ್ಷ ಮಯುಜುಮಿ ಅಲ್ಲಿ ಅವಿಭಾಜ್ಯ ಸಂಖ್ಯೆಗಳ ಅನುಪಾತ ಹಿಡಿದು ಬರೀ ಸೈನ್ ಅಲೆಗಳಿಂದ, ಅಂದರೆ ಬೆರಕೆಯಿಲ್ಲದ ಶುದ್ಧ ದನಿಗಳಿಂದ, ಕೃತಿ ಕಟ್ಟಿದರು. ಇನ್ನೊಬ್ಬ ಸಂಯೋಜಕ ತೋರು ತಕೆಮಿತ್ಸು ಕೂಡ ಐವತ್ತರ ದಶಕದಲ್ಲೇ ಟೇಪಿನ ಕೃತಿಗಳನ್ನು ಮಾಡಿದ್ದಾರೆ. ಅದು ಪ್ರಯೋಗಶಾಲೆಯ ಸಂಗೀತ, ಕೇಳುಗರು ಬೆರಳೆಣಿಕೆಯವರು. ತೊಮಿತಾ ಮೊದಲಿಗರಾದದ್ದು ಬೇರೆ ಅರ್ಥದಲ್ಲಿ: ಆ ದನಿಯನ್ನು ಮನೆಯ ಕಪಾಟಿಗೆ ತಂದರು, ಸರ್ಕಾರಿ ಸ್ಟುಡಿಯೊದ ಹಂಗಿಲ್ಲದೆ ಸ್ವಂತ ದುಡ್ಡಿನಲ್ಲಿ, ಸ್ವಂತ ಮನೆಯಲ್ಲಿ. ನನ್ನ ಮಟ್ಟಿಗೆ ಮಯುಜುಮಿಯೇ ಹೆಚ್ಚು ಧೈರ್ಯಸ್ಥ. ಆದರೆ ಮತ್ತೆ ಮತ್ತೆ ಹಾಕಿ ಕೇಳುವುದು ತೊಮಿತಾ ಅವರನ್ನೇ ಎಂದು ಒಪ್ಪಿಕೊಳ್ಳುತ್ತೇನೆ.

ಟೇಪುರಾಯ

ಅರೆಸ್ವರ ಅವರ ತಿದ್ದುಪಡಿ ಸರಿ. ಕಪಾಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ದೆಬ್ಯುಸಿ ಟೇಪನ್ನು ಹಿಡಿದು ಅವರು ಜಪಾನಿನ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿದಾಗ ಸಿಕ್ಕ ಉತ್ತರ: ಇದನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ಶಾಸ್ತ್ರೀಯವೋ, ಜನಪ್ರಿಯವೋ, ಸದ್ದಿನ ಪರಿಣಾಮಗಳ ಧ್ವನಿಮುದ್ರಿಕೆಯೋ? ಸಂಗೀತ ಹೇಗಿದೆ ಎಂದು ಕೇಳುವುದಕ್ಕಿಂತ ಮೊದಲು ಕಪಾಟಿನ ಚಿಂತೆ. ಕೊನೆಗೆ ನ್ಯೂಯಾರ್ಕಿಗೆ ಒಯ್ದರು. ಆರ್‌ಸಿಎ ಕಂಪನಿಯ ಪೀಟರ್ ಮನ್‌ವೆಸ್ ಕೇಳಿ ಒಪ್ಪಿಕೊಂಡರು. 1974ರಲ್ಲಿ ಅಮೆರಿಕದಲ್ಲಿ ಬಂದದ್ದು ಮರುವರ್ಷದ ಗ್ರ್ಯಾಮಿಗೆ ನಾಲ್ಕು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆಯಿತು. ಹೊರಗೆ ಹೆಸರಾದ ಮೇಲೆ ಊರಿನವರಿಗೂ ಕಪಾಟು ಸಿಕ್ಕಿತು. ಇದು ಎಲ್ಲ ಊರಿನ ಕಥೆ.

ಮುಂದೆ 1975ರಲ್ಲಿ ರಷ್ಯಾದ ಮುಸೋರ್ಗ್‌ಸ್ಕಿಯ ಕೃತಿ, ಆಮೇಲೆ ಸ್ಟ್ರಾವಿನ್‌ಸ್ಕಿಯದು, 1976ರಲ್ಲಿ ಇಂಗ್ಲೆಂಡಿನ ಹೋಲ್ಸ್ಟ್ ಅವರ ಗ್ರಹಗಳ ಕೃತಿ. ಇದರಲ್ಲಿ ಅವರು ಕೈ ಮೀರಿ ಸ್ವಾತಂತ್ರ್ಯ ತೆಗೆದುಕೊಂಡರು. ಮೊದಲಿಗೆ ಆಟಿಕೆಯ ಸಂಗೀತದ ಪೆಟ್ಟಿಗೆಯೊಂದು ಗುರುಗ್ರಹದ ರಾಗ ನುಡಿಯುತ್ತದೆ. ಆಮೇಲೆ ಗಗನಯಾತ್ರಿಗಳೂ ನೆಲದ ನಿಯಂತ್ರಣ ಕೇಂದ್ರದವರೂ ಮಾತಾಡಿಕೊಂಡ ಹಾಗೆ ಗೊಗ್ಗರು ದನಿ, ಅರ್ಥವಾಗುವ ಪದ ಒಂದೂ ಇಲ್ಲ. ಬಳಿಕ ರಾಕೆಟ್ ಸಿಡಿದೆದ್ದು ಹಾರುತ್ತದೆ. ಹೋಲ್ಸ್ಟ್ ಪರಂಪರೆಯ ಹಕ್ಕುದಾರರು ಕೆರಳಿದರು, ಬ್ರಿಟನ್ನಿನಲ್ಲಿ ಧ್ವನಿಮುದ್ರಿಕೆ ಮಾರಾಟದಿಂದ ಹಿಂದೆ ಸರಿಯಿತು. ನನಗಂತೂ ಅವರದರಲ್ಲೆಲ್ಲ ಅದೇ ಅಚ್ಚುಮೆಚ್ಚು.

ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ ‘ಕಾಸ್ಮೋಸ್’ ಟಿವಿ ಸರಣಿ ನೋಡಿದವರು ಯಾರಾದರೂ ಇಲ್ಲಿದ್ದರೆ, ನೀವು ತೊಮಿತಾ ಅವರನ್ನು ಆಗಲೇ ಕೇಳಿದ್ದೀರಿ. ಬಾಖ್‌ನನ್ನು ಆಧರಿಸಿ ಅವರು ಮಾಡಿದ ಸಮುದ್ರದಂಥ ತುಣುಕೊಂದು ಅದರಲ್ಲಿದೆ.

ವೀಣೆಯ ಮೇಷ್ಟ್ರು

ಮೂಲ ಪ್ರಶ್ನೆಗೆ ಮರಳುತ್ತೇನೆ. ನಾನು ಮಕ್ಕಳಿಗೆ ವೀಣೆ ಹೇಳಿಕೊಡುವವನು. ಪಿಯಾನೊದಲ್ಲಿ ಸ್ವರ ಒತ್ತಿದ ಮೇಲೆ ಅದು ಕೈತಪ್ಪಿತು, ಸಾಯುತ್ತ ಹೋಗುತ್ತದೆ. ಅದನ್ನು ಹಿಗ್ಗಿಸಲಾಗದು, ಜಾರಿಸಲಾಗದು, ನಡುಗಿಸಲಾಗದು. ಹಾಗಿರುವುದರಿಂದಲೇ ದೆಬ್ಯುಸಿ ಪೆಡಲ್ ಒತ್ತಿ ಸ್ವರಗಳನ್ನು ಮಂಜಿನಲ್ಲಿ ಬೆರೆಸಿದ. ತೊಮಿತಾ ಅದೇ ಸ್ವರವನ್ನು ಹುಟ್ಟಿದ ಮೇಲೂ ಕೈಯಲ್ಲಿ ಹಿಡಿದಿರುತ್ತಾರೆ. ಪಿಟೀಲುಪ್ರಿಯರ ಆ ಶಿಳ್ಳೆಯನ್ನೇ ತೆಗೆದುಕೊಳ್ಳಿ. ಸ್ವರದಿಂದ ಸ್ವರಕ್ಕೆ ನೆಗೆಯುವುದಿಲ್ಲ, ಜಾರಿ ಬರುತ್ತದೆ. ನಿಂತ ಮೇಲೆ ಸಣ್ಣಗೆ ಕಂಪಿಸುತ್ತದೆ. ಯಾವ ಕಂಪನ, ಎಷ್ಟು ಹೊತ್ತಿನ ಮೇಲೆ, ಎಷ್ಟು ವೇಗದಲ್ಲಿ ಎಂಬುದನ್ನು ದೆಬ್ಯುಸಿ ಬರೆದಿಲ್ಲ, ಬರೆಯುವ ಹಾಗೂ ಇರಲಿಲ್ಲ. ಅದನ್ನೆಲ್ಲ ತೀರ್ಮಾನಿಸಿದವರು ತೊಮಿತಾ. ಇದನ್ನು ನಮ್ಮ ಗಮಕ ಎಂದು ಹೇಳಿ ಬೆನ್ನು ತಟ್ಟಿಕೊಳ್ಳಲಾರೆ, ಅವರಿಗೂ ನಮ್ಮ ಪದ್ಧತಿಗೂ ಏನೂ ಸಂಬಂಧವಿಲ್ಲ. ಆದರೆ ಸಾಹಿತ್ಯ ಸ್ವರ ಎರಡೂ ಒಂದೇ ಆಗಿದ್ದರೂ ಇಬ್ಬರು ವಿದ್ವಾಂಸರ ಕೈಯಲ್ಲಿ ಕೀರ್ತನೆ ಎರಡಾಗುತ್ತದೆ ಎಂದು ತಿಳಿದ ನಮಗೆ, ಕಾಗದದ ಮೇಲಿರುವುದಷ್ಟೇ ಸಂಯೋಜನೆ ಎಂಬ ಹಟ ಏಕೆ?

ಪಿಟೀಲುಪ್ರಿಯ

ಮೇಷ್ಟ್ರೇ, ವಿದ್ವಾಂಸರನ್ನು ನಾವು ವಾಗ್ಗೇಯಕಾರರು ಎನ್ನುವುದಿಲ್ಲವಲ್ಲ! ಅಲ್ಲಿಗೆ ನನ್ನ ಮಾತೇ ನಿಂತಿತು. ಆದರೆ ನಿಮ್ಮದು ನನ್ನನ್ನು ಸ್ವಲ್ಪ ಅಲುಗಿಸಿದೆ.

ನೀಲಿಜಡೆ

ಇಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನೇ ಇರಬೇಕು. ನಾನು ತೊಮಿತಾ ಅವರತ್ತ ಬಂದದ್ದು ಹಿಂಬಾಗಿಲಿನಿಂದ, ಹತ್ಸುನೆ ಮಿಕು ಮೂಲಕ. ಗೊತ್ತಿಲ್ಲದ ಹಿರಿಯರಿಗೆ: ಮಿಕು ಮನುಷ್ಯಳಲ್ಲ. ಹಾಡುವ ತಂತ್ರಾಂಶ. ಸ್ವರ, ಸಾಹಿತ್ಯ ಕೊಟ್ಟರೆ ಹಾಡುತ್ತದೆ, ಅದಕ್ಕೊಂದು ಉದ್ದ ಜಡೆಯ ಹುಡುಗಿಯ ರೂಪ ಕೊಟ್ಟಿದ್ದಾರೆ.

2012ರ ನವೆಂಬರ್ 23ರಂದು ಟೋಕಿಯೊದಲ್ಲಿ ತೊಮಿತಾ ಅವರ ‘ಇಹಾತೊವ್ ಸಿಂಫನಿ’ ಮೊದಲ ಸಲ ನುಡಿಯಿತು. ವಾದ್ಯವೃಂದ, ಗಾಯನವೃಂದ ಸೇರಿ ವೇದಿಕೆಯ ಮೇಲೆ ಸುಮಾರು 300 ಜನ. ಮುಖ್ಯ ಗಾಯಕಿ ಮಿಕು. ಆಗ ಅವರಿಗೆ 80 ವರ್ಷ. ಇಹಾತೊವ್ ಎಂಬುದು ಇವಾತೆ ಪ್ರಾಂತದ ಕವಿ ಕೆಂಜಿ ಮಿಯಾಝಾವಾ ತನ್ನ ನಾಡಿಗೆ ಇಟ್ಟ ಕನಸಿನ ಹೆಸರು. 2011ರ ಭೂಕಂಪ, ಸುನಾಮಿಯಲ್ಲಿ ನೊಂದದ್ದೂ ಅದೇ ನಾಡು. ಮಿಯಾಝಾವಾ ಕಥೆಗಳಲ್ಲಿ ಈ ಲೋಕಕ್ಕೂ ಆಚೆಯದಕ್ಕೂ ನಡುವೆ ಸುಳಿಯುವವರು ಬರುತ್ತಾರೆ, ಗಾಳಿಯಂಥ ಹುಡುಗ, ನಕ್ಷತ್ರಗಳ ರೈಲು. ಅಂಥವರ ದನಿ ಮನುಷ್ಯರ ಗಂಟಲಿನದಾಗಬಾರದು ಎಂದು ತೊಮಿತಾ ಲೆಕ್ಕ ಹಾಕಿದರು. ಹೊಸತನದ ಶೋಕಿಗೆ ಮಿಕು ತಂದದ್ದಲ್ಲ.

ಆದರೆ ನನಗೆ ಹಿಡಿಸಿದ್ದು ಬೇರೆ. ಮಿಕು ಕಾರ್ಯಕ್ರಮಗಳಲ್ಲಿ ಅವಳ ಹಾಡು ಮೊದಲೇ ಸಿದ್ಧವಾಗಿರುತ್ತದೆ, ವಾದ್ಯದವರು ಕಿವಿಗೆ ಟಿಕ್ ಟಿಕ್ ಸದ್ದು ಹಾಕಿಕೊಂಡು ಅವಳ ಹಿಂದೆ ಓಡಬೇಕು. ತೊಮಿತಾ ಒಪ್ಪಲಿಲ್ಲ. ವಾದ್ಯವೃಂದದ ನಿರ್ವಾಹಕ ನಯೊತೊ ಒತೊಮೊ ಕೈಯ ಕೋಲು ನಿಧಾನಿಸಿದರೆ ಮಿಕುವೂ ನಿಧಾನಿಸಬೇಕು, ಮನುಷ್ಯರು ಯಂತ್ರಕ್ಕೆ ಕಾಯಬಾರದು ಎಂದರು. ಅದಕ್ಕಾಗಿ ಹೊಸ ವ್ಯವಸ್ಥೆಯನ್ನೇ ಕಟ್ಟಬೇಕಾಯಿತು. ನಿರ್ವಾಹಕರ ಕೈ ನೋಡಿಕೊಂಡು ಒಬ್ಬರು ಕೀಲಿಮಣೆಯಲ್ಲಿ ತಾಳ ಒತ್ತುತ್ತಾರೆ, ಮಿಕು ಅದನ್ನು ಅನುಸರಿಸಿ ಹಾಡುತ್ತಾಳೆ, ಕುಣಿಯುತ್ತಾಳೆ. ಇದು ಪೂರ್ತಿ ಅವರದೇ ಕೃತಿ ಪಿಟೀಲುಪ್ರಿಯರೇ. ಕೇಳಿ ನೋಡಿ.

ಅರೆಸ್ವರ

ನೀಲಿಜಡೆ, ಬಹಳ ಚೆನ್ನಾಗಿ ಹೇಳಿದೆ ತಂಗಿ. ಇನ್ನೊಂದು ಕೊಂಡಿ ಸೇರಿಸಿಕೋ. ಎಪ್ಪತ್ತರ ದಶಕದ ಆರಂಭದಲ್ಲಿ ತೊಮಿತಾ ಅವರ ಬಳಿ ಸಹಾಯಕನಾಗಿ ಮೋಗ್ ಕಲಿತ ಹಿದೆಕಿ ಮತ್ಸುತಾಕೆ ಮುಂದೆ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಎಲೆಕ್ಟ್ರಾನಿಕ್ ಪಾಪ್ ತಂಡದ ಪ್ರೋಗ್ರಾಮರ್ ಆದರು. ಹೊಸೊನೊ, ತಕಾಹಾಶಿ, ಸಕಮೊತೊ ಮೂವರ ಆ ತಂಡದ ನಾಲ್ಕನೆಯ ಸದಸ್ಯ ಎಂದೇ ಅವರನ್ನು ಕರೆಯುತ್ತಿದ್ದರು. ತಂತಿ ಚುಚ್ಚುವ ವಿದ್ಯೆ ಹಾಗೆ ಕೈಯಿಂದ ಕೈಗೆ ದಾಟಿತು.

ಗುಮ್ಮಟದ ನೆರೆಯವ

ಲಿಂಟ್ಸ್ ಬಗ್ಗೆ ಯಾರೂ ಹೇಳಲಿಲ್ಲವೇಕೆ? ಆಸ್ಟ್ರಿಯಾದ ಆ ಊರಿನಲ್ಲಿ 1984ರಲ್ಲಿ ಡ್ಯಾನ್ಯೂಬ್ ನದಿಯನ್ನೇ ಸಭಾಂಗಣ ಮಾಡಿಕೊಂಡರು. ಎರಡೂ ದಡದಲ್ಲಿ ಸ್ಪೀಕರ್, ನೀರಿನ ಮೇಲೆ ದೋಣಿಯಲ್ಲಿ ಸ್ಪೀಕರ್, ನೆತ್ತಿಯ ಮೇಲೆ ಹೆಲಿಕಾಪ್ಟರಿನಿಂದ ಸ್ಪೀಕರ್. ಸ್ವತಃ ತೊಮಿತಾ ಗಾಜಿನ ಪಿರಮಿಡ್ಡಿನೊಳಗೆ ಕೂತು ಜನರ ತಲೆಯ ಮೇಲೆ ತೂಗುತ್ತ ದನಿಯನ್ನು ದಡದಿಂದ ದಡಕ್ಕೆ ಕಳಿಸುತ್ತಿದ್ದರು. ಕೇಳಿದವರು 80,000 ಜನ. 1986ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿ, 1988ರಲ್ಲಿ ಸಿಡ್ನಿಯ ಬಂದರು. ಬೀಜಿಂಗ್ ಗೋಡೆಯನ್ನು ಹಿಗ್ಗಿಸಿ ಹಿಗ್ಗಿಸಿ ಊರಿನಷ್ಟು ಮಾಡಿದರು ಎನ್ನುತ್ತೇನೆ ನಾನು. ಪಿರಮಿಡ್ ಸ್ವಲ್ಪ ಅತಿಯಾಯಿತು ಎಂಬುದೂ ನಿಜ.

ಯೊಕೊಹಾಮಾವಾಸಿ

ಅತಿಯೇ ಸರಿ, ಆದರೆ ಅದೇ ಮನುಷ್ಯ 2002ರಲ್ಲಿ ನಿರ್ದೇಶಕ ಯೋಜಿ ಯಮಾದಾ ಅವರ ಬಡ ಸಮುರಾಯ್‌ನ ಸಿನಿಮಾಕ್ಕೆ ಎಷ್ಟು ಕಡಿಮೆ ಸಂಗೀತ ಕೊಟ್ಟಿದ್ದಾರೆ ನೋಡಿ. ಬಹುಪಾಲು ಮೌನ. ಆಮೇಲೆಯೂ ಯಮಾದಾ ತಮ್ಮ ಸಿನಿಮಾಗಳಿಗೆ ತೊಮಿತಾ ಅವರನ್ನು ಬಿಡಲಿಲ್ಲ.

2016ರ ಮೇ 5ರಂದು ಟೋಕಿಯೊದ ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು, 84 ವರ್ಷ. ಬರೆಯುತ್ತಿದ್ದ ‘ಡಾಕ್ಟರ್ ಕೊಪೇಲಿಯಸ್’ ಎಂಬ ಬ್ಯಾಲೆ ಸಿಂಫನಿ ಮುಗಿದಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಉಳಿದವರು ಅದನ್ನು ವೇದಿಕೆಗೆ ತಂದರು. ಅದರಲ್ಲೂ ಮಿಕು ಇದ್ದಳು.

ಪಿಟೀಲುಪ್ರಿಯ

ಹತ್ತು ದಿನ ಬಿಟ್ಟು ಬಂದೆ. ಮೊಬೈಲ್ ಪಕ್ಕಕ್ಕಿಟ್ಟು, ಭಾವಮೈದುನನ ಮನೆಯಿಂದ ಎರಡು ಸ್ಪೀಕರ್ ಕಡ ತಂದು, ನಮ್ಮ ಎರಡರ ಜೊತೆ ಸೇರಿಸಿ ನಾಲ್ಕು ಮೂಲೆಗೆ ಇಟ್ಟೆ. ಹೀಗಿಟ್ಟ ಮಾತ್ರಕ್ಕೆ ನಾಲ್ಕು ಚಾನೆಲ್ ಆಗುವುದಿಲ್ಲ ಎಂದು ಟೇಪುರಾಯರು ಈಗ ನಗುತ್ತಾರೆ, ಗೊತ್ತು.

ಗ್ರಹಗಳ ವಿಷಯದಲ್ಲಿ ನಾನು ಹೋಲ್ಸ್ಟ್ ಕಡೆಯವರ ಪಕ್ಷ. ಆ ರಾಕೆಟ್ ಬೇಕಿರಲಿಲ್ಲ. ಇಹಾತೊವ್ ಕೇಳಿದೆ, ನಡುವೆ ಎರಡು ಕಡೆ ಎದ್ದು ಹೋಗೋಣವೆನಿಸಿತು, ಕೊನೆಯ ಭಾಗದಲ್ಲಿ ಕೂತೇ ಇದ್ದೆ. ಅವರು ಸಂಯೋಜಕರೆಂಬುದರ ಬಗ್ಗೆ ಈಗ ತಕರಾರಿಲ್ಲ, ಮರಿಂಬಾದ ಅಡುಗೆ ರಾಗವೊಂದೇ ಸಾಕು. ದೆಬ್ಯುಸಿಯದನ್ನು ಏನೆಂದು ಕರೆಯಬೇಕೋ ಇನ್ನೂ ತೋಚಿಲ್ಲ.

ಬೆಳದಿಂಗಳು ಹಾಕಿದ್ದಾಗ ಮನೆಯವಳು ಅಡುಗೆಮನೆಯಿಂದ ಬಂದು, ಈ ಹೊತ್ತಿನಲ್ಲಿ ಶಿಳ್ಳೆ ಹಾಕುತ್ತಿರುವವರು ಯಾರು ಎಂದು ಕಿಟಕಿಯಾಚೆ ಬಗ್ಗಿ ನೋಡಿದಳು.

ಟೇಪುರಾಯ

ನಗಲಿಲ್ಲ. ಹಿಂದಿನ ಎರಡು ಸ್ಪೀಕರಿನ ಧನ, ಋಣ ತಂತಿಗಳು ಅದಲುಬದಲಾಗಿವೆಯೇ ಒಮ್ಮೆ ನೋಡಿಕೊಳ್ಳಿ. ಮಂದ್ರದ ದನಿ ತೆಳ್ಳಗಿದ್ದರೆ ಅದೇ ಕಾರಣ.